ನಾದಿನಿಯ ಮಗಳಿಗೊಂದು ಅರ್ಜಿ

ನನ್ನ ನೆನಪಿನ ಶಕ್ತಿ ಬಹಳ ಗಟ್ಟಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಗ್ಯಾಸಿನ ಪುಸ್ತಕ ಎಲ್ಲಿದೆ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋದರು, ಮಗಳಿಗೆ ಸೀತಾಳೆ ಸಿಡುಬು ಎದ್ದಾಗ ಅವಳು ಎಷ್ಟನೇ ಕ್ಲಾಸಿನಲ್ಲಿದ್ದಳು, ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ನಾನೂ ಹಿಂದುಮುಂದು ನೋಡದೆ ಹೇಳಿಬಿಡುತ್ತೇನೆ. ಅದು ಸುಳ್ಳಿರಬಹುದು ಎಂಬ ಅನುಮಾನ ಇರುವುದು ನನಗೊಬ್ಬಳಿಗೇ. ಏಕೆಂದರೆ ನನಗೆ ಡೈರಿ ಬರೆಯುವ ಚಟವೂ ಇದೆ. ಇತಿಹಾಸದಲ್ಲಿ ಎಂ.ಎ. ಓದುವಾಗ ನಮ್ಮ ಮೇಷ್ಟ್ರು, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಮಾತ್ರ ಎರಡು ಸಲ ಪರೀಕ್ಷೆ ಮಾಡಿ ಎಂದು ಹೇಳುತ್ತಿದ್ದರು. ಆಗ ಅದನ್ನು ಬರೆದುಕೊಂಡು ಪಾಸಾದೆ. ಆ ಮಾತು ನನಗೇ ಅನ್ವಯಿಸುತ್ತದೆ ಎಂದು ಗೊತ್ತಾಗಿದ್ದು ಹಳೆಯ ಡೈರಿಗಳನ್ನು ತೆಗೆದು ಓದಿದಾಗ. ಡೈರಿ ಬರೆಯುವುದರಲ್ಲಿ ಅಪಾಯವಿಲ್ಲ. ಓದುವುದರಲ್ಲಿದೆ.

ಉದಾಹರಣೆಗೆ, ನಾನು ಪಿ.ಯು.ಸಿ. ಸೇರಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನಮ್ಮಾ, ಓದ್ತೀಯಾ?" ಎಂದರು. ನಾನು ಹ್ಞೂಂ ಅಂದೆ. ಸೇರಿಸಿಕೊಂಡರು. ಅರ್ಧ ಗಂಟೆಯ ಕೆಲಸ. ಈ ಕಥೆಯನ್ನು ನಾನು ನನ್ನ ಮಗಳಿಗೆ, ನನ್ನ ಹತ್ತಿರ ಸಮಾಜ ವಿಜ್ಞಾನದ ಟ್ಯೂಷನ್ನಿಗೆ ಬರುವ ಮಕ್ಕಳಿಗೆ, ಅವರನ್ನು ಕರೆದೊಯ್ಯಲು ಬರುವ ಅಮ್ಮಂದಿರಿಗೆ ಬೇಕಾದಷ್ಟು ಸಲ ಹೇಳಿದ್ದೇನೆ. ಒಮ್ಮೆ ನನ್ನ ತಾಯಿಯ ಎದುರಿಗೇ ಹೇಳುತ್ತಿದ್ದೆ. ಅವರು ಅವರೆಕಾಳು ಸುಲಿಯುವುದನ್ನು ನಿಲ್ಲಿಸಿ, "ಯಾವ ಅರ್ಧ ಗಂಟೆನೇ? ನಿಮ್ಮಪ್ಪ ಮೂರು ದಿನ ರಜಾ ಹಾಕಿ ಅಲೆದಿದ್ರು. ನಿನಗೆ ಹೇಳ್ಬೇಡ ಅಂದಿದ್ರು, ಹೆದರ್ಕೋತೀಯ ಅಂತ" ಎಂದರು. ನಾನು ಆ ಕಥೆ ಹೇಳುವುದನ್ನು ಬಿಡಲಿಲ್ಲ. ತಾಯಿ ಇಲ್ಲದಿರುವಾಗ ಹೇಳುತ್ತೇನೆ.

ಈಗ ನಾನು ಹೇಳಹೊರಟಿರುವುದು ಎರಡು ಸಾವಿರದ ಹದಿಮೂರರ ಬೇಸಿಗೆಯ ವಿಷಯ. ಆಗ ನನ್ನ ಮಗಳು ಚೈತ್ರಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿ, ಬಾಗಲಗುಂಟೆಯ ನಮ್ಮ ಮನೆಯ ತಾರಸಿಯ ಮೆಟ್ಟಿಲ ಮೇಲೆ ಕೂತು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದಳು. ಫಲಿತಾಂಶ ಬರಲು ಇನ್ನೂ ಒಂದು ತಿಂಗಳಿತ್ತು. ಅವಳಿಗೆ ಮಲ್ಲೇಶ್ವರದ ಕಡೆಯ ಒಂದು ಕಾಲೇಜು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎಂಟನೇ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆಗೆಂದು ಅಲ್ಲಿಗೆ ಹೋಗಿದ್ದಾಗ ಲೈಬ್ರರಿಯ ಅಗಲವಾದ ಕಿಟಕಿಕಟ್ಟೆಯ ಮೇಲೆ ಹುಡುಗಿಯರು ಕಾಲು ಮಡಚಿ ಕೂತು ಓದುವುದನ್ನು ಕಂಡು ಬಂದಿದ್ದಳು. "ಅಮ್ಮಾ, ನಾನು ಆ ಕಿಟಕೀಲೇ ಕೂತು ಓದೋದು" ಎಂದಿದ್ದಳು. ಆ ಕಾಲೇಜಿನವರು ಫಲಿತಾಂಶ ಬರುವವರೆಗೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಂದ ಮೇಲೆ ಬರಿಯ ಅಂಕ ನೋಡಿ ಪಟ್ಟಿ ಹಾಕುತ್ತಿದ್ದರು.

ಆದರೆ ಯಲಹಂಕದ ಇನ್ನೊಂದು ಕಾಲೇಜಿನಲ್ಲಿ ಎರಡು ದಾರಿ ಇದ್ದವು. ಫಲಿತಾಂಶಕ್ಕೆ ಮುಂಚೆಯೇ ಒಂಬತ್ತನೇ ತರಗತಿಯ ಅಂಕಪಟ್ಟಿ ತೋರಿಸಿ ಸೀಟು ಹಿಡಿಯಬಹುದು. ಇದಕ್ಕೆ ಮುಂಗಡ ಪ್ರವೇಶ ಎಂದು ಹೆಸರು. ಹಾಗೆ ಹಿಡಿದವರು ಮಗುವನ್ನು ಬೇರೆ ಯಾವ ಕಾಲೇಜಿಗೂ ಸೇರಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು, ಶಾಲೆಯ ಟಿ.ಸಿ.ಯನ್ನೂ ನೇರವಾಗಿ ಆ ಕಾಲೇಜಿಗೇ ಒಪ್ಪಿಸಬೇಕು. ಅಥವಾ ಫಲಿತಾಂಶ ಬರಲಿ ಎಂದು ಕಾದು, ಉಳಿದ ಸೀಟಿಗೆ ಎಲ್ಲರ ಜೊತೆ ನೂಕಾಡಬಹುದು. ಒಟ್ಟು ಇನ್ನೂರ ನಲವತ್ತು ಸೀಟು. ಕಾದರೆ ಮಲ್ಲೇಶ್ವರವೂ ತಪ್ಪಿ ಯಲಹಂಕವೂ ತಪ್ಪಿ ಮಗಳು ತಾರಸಿಯ ಮೆಟ್ಟಿಲಿನ ಮೇಲೇ ಉಳಿದುಬಿಟ್ಟರೆ? ಕಾಯದಿದ್ದರೆ ಆ ಕಿಟಕಿ ಕೈತಪ್ಪಿದಂತೆಯೇ. ಮುಂಗಡ ಪ್ರವೇಶಕ್ಕೆ ಎರಡು ವಾರದ ಗಡುವು. "ರಿಸಲ್ಟ್ ಬರ್ಲಿ ಬಿಡಮ್ಮ, ನಾನು ಚೆನ್ನಾಗೇ ಬರ್ದಿದೀನಿ" ಎಂದು ಚೈತ್ರಾ ಹೇಳುತ್ತಿದ್ದಳು. ಚೆನ್ನಾಗಿ ಬರೆದಿದ್ದೇನೆ ಎಂದು ಹೇಳದ ಮಕ್ಕಳನ್ನು ನಾನು ಟ್ಯೂಷನ್ನಿನಲ್ಲಿ ಇನ್ನೂ ಕಂಡಿರಲಿಲ್ಲ.

ಮೊದಲ ದಿನ ನಾನು ಹೋದದ್ದು ಬರೀ ವಿಚಾರಿಸಿಕೊಂಡು ಬರಲು. ಎಂಟನೇ ಮೈಲಿಯಲ್ಲಿ ಬಸ್ಸು ಹತ್ತಿ, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಮತ್ತೊಂದು ಹತ್ತಿ, ಗಂಗಮ್ಮ ಸರ್ಕಲ್ ದಾಟಿ ಯಲಹಂಕ ಮುಟ್ಟುವಷ್ಟರಲ್ಲಿ ಸೆರಗೆಲ್ಲ ಒದ್ದೆ. ಕಾಲೇಜಿನ ಆಫೀಸಿನ ಕಿಟಕಿಯ ಹಿಂದೆ ಬಿಳಿ ಮೀಸೆಯ ಗುಮಾಸ್ತರೊಬ್ಬರು ಕೂತಿದ್ದರು. ಇದುವರೆಗೆ ಎಷ್ಟು ಜನ ಅರ್ಜಿ ಹಾಕಿದ್ದಾರೆ ಎಂದು ಕೇಳಿದೆ.

"ಅದನ್ನೆಲ್ಲ ಹೇಳಂಗಿಲ್ಲ ಮೇಡಂ. ಅರ್ಜಿ ಬೇಕಾ?"

ಬೇಕು ಎಂದೆ. ಕೊಟ್ಟರು. ಬಲಗಡೆ ಮೇಲಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಂಬರು ಅಚ್ಚಾಗಿತ್ತು: ನೂರ ಎಂಬತ್ತೇಳು. ನನ್ನ ಎದೆ ಅಲ್ಲೇ ಧಸಕ್ಕೆಂದಿತು. ಮಾರಾಟ ಶುರುವಾಗಿ ಎರಡೇ ದಿನ!

ಸಂಜೆ ನನ್ನವರಿಗೆ ತೋರಿಸಿದೆ. ಅವರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸ. ಲಾಟಿನಲ್ಲಿ ಸಾವಿರ ಬೋಲ್ಟಿದ್ದರೆ ಸಾವಿರವನ್ನೂ ಅಳೆಯುವುದಿಲ್ಲ. ಗಂಟೆಗೊಂದು ತೆಗೆದು ಅಳೆದು, ಚುಕ್ಕಿ ಹಾಕಿ, ಗೆರೆ ಎಳೆದು, ಯಂತ್ರ ಯಾವ ಕಡೆ ಜಾರುತ್ತಿದೆ ಎಂದು ಹೇಳುತ್ತಾರೆ. ಮನೆಯಲ್ಲೂ ಹಾಗೆಯೇ. ಮಗುವಾಗಿದ್ದ ಚೈತ್ರಾಳ ಜ್ವರಕ್ಕೂ ಗೆರೆ ಎಳೆದವರು. ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ರೀಡಿಂಗಲ್ಲಿ ಏನ್ ಗೊತ್ತಾಗುತ್ತೆ ಕಣೇ? ದಿನಾ ಒಂದೇ ಟೈಮಿಗೆ ಹೋಗಿ ಒಂದೊಂದು ಸ್ಯಾಂಪಲ್ ತಗೊಂಬಾ. ಸ್ಪೀಡ್ ಎಷ್ಟಿದೆ ಅಂತ ನೋಡ್ಬಿಡೋಣ" ಎಂದರು. ದಿನಕ್ಕೆ ನೂರು ದಾಟಿದರೆ ಕಾಯುವಂತಿಲ್ಲ, ಮುಂಗಡವೇ ಸರಿ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕೆಂಪು ಗೆರೆಯನ್ನೂ ಎಳೆದರು. ಇತಿಹಾಸದ ಎಂ.ಎ.ಯನ್ನು ಮೂಲೆಗಿಟ್ಟು ನಾನು ಆ ಗೆರೆಯ ಕೈಯಾಳಾದೆ.

ಎರಡನೇ ದಿನ ಹೋದಾಗ ಗುಮಾಸ್ತರು ಮುಖ ನೋಡಿದರು. ಒಬ್ಬಳೇ ಮಗಳಿಗೆ ಎರಡು ಅರ್ಜಿ ಏಕೆ ಎಂದು ಕೇಳಿದರೆ? ಅವರು ಕೇಳುವ ಮೊದಲೇ, "ನಮ್ಮ ನಾದಿನಿ ಮಗಳಿಗೆ" ಎಂದುಬಿಟ್ಟೆ. ನನ್ನ ನಾದಿನಿಗೆ ಇರುವುದು ಒಬ್ಬನೇ ಮಗ, ಆಗ ಅವನು ಮೂರನೇ ಕ್ಲಾಸು. ನಂಬರು ಇನ್ನೂರ ಎಪ್ಪತ್ತೊಂದು. ಮೂರನೇ ದಿನ ಮುನ್ನೂರ ಎಂಬತ್ತು. ಕೆಂಪು ಗೆರೆ ದಾಟಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ಕೂರಲಾಗದೆ ನಿಂತುಕೊಂಡೇ ಬಂದೆ. ಭಯಕ್ಕೆ ಒಂದು ಗುಣವಿದೆ, ಅದು ಎಲ್ಲವನ್ನೂ ಸಾಕ್ಷಿಗೆ ಕರೆಯುತ್ತದೆ. ಬಸ್ಸಿನಲ್ಲಿ ಕಂಡ ಹದಿನೈದು ಹದಿನಾರರ ಮಕ್ಕಳೆಲ್ಲ ಚೈತ್ರಾಳ ಸೀಟು ಕಿತ್ತುಕೊಳ್ಳಲು ಹೊರಟವರಂತೆ ಕಂಡರು. ಕನ್ನಡಕ ಹಾಕಿದವರಂತೂ ನೇರ ಶತ್ರುಗಳು.

ಕಿಟಕಿಯ ಹತ್ತಿರ ದಿನಾ ಸಿಗುತ್ತಿದ್ದವರು ಲಕ್ಷ್ಮೀದೇವಮ್ಮ. ಯಲಹಂಕ ಹಳೇ ಊರಿನವರು, ಮನೆ ಕಾಲೇಜಿನಿಂದ ಮೂರನೇ ಬೀದಿ. ಮೊದಲ ದಿನ ಮಗನಿಗೆಂದು ಅರ್ಜಿ ಕೊಂಡಿದ್ದರು. ಮರುದಿನವೂ ಸಾಲಿನಲ್ಲಿದ್ದರು. ನಾನು ನಕ್ಕೆ. ಅವರೂ ನಕ್ಕರು.

"ಏನ್ ಮತ್ತೆ ಬಂದ್ರಿ?" ಎಂದೆ.

"ನಮ್ ಭಾವನ ಮಗನಿಗೆ ಕಣ್ರೀ. ಅವರು ದೇವನಳ್ಳಿ ಕಡೆ ಇರೋದು, ಬರಕ್ಕಾಗಲ್ಲ. ನೀವು?"

"ನಮ್ಮ ನಾದಿನಿ ಮಗಳಿಗೆ."

"ಒಳ್ಳೇದಾಯ್ತು ಬಿಡಿ, ಅಕ್ಕ ತಂಗಿ ಜೊತೇಲೇ ಓದ್ಕೋತಾರೆ" ಎಂದರು. ಅಷ್ಟರಲ್ಲಿ ವಾಯುನೆಲೆಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಗುಡುಗುತ್ತ ಹೋಯಿತು. ಮುಂದಿನ ಸುಳ್ಳು ಹುಡುಕಲು ಇಬ್ಬರಿಗೂ ಸ್ವಲ್ಪ ಸಮಯ ಸಿಕ್ಕಿತು.

ನಾಲ್ಕನೇ ದಿನ ಅವರ ಭಾವನಿಗೆ ಎರಡನೆಯ ಮಗನೂ ಇದ್ದಾನೆ ಎಂದು ತಿಳಿಯಿತು. ನನ್ನ ನಾದಿನಿಯ ಮಗಳ ಅರ್ಜಿಯ ಮೇಲೆ ಕಾಫಿ ಚೆಲ್ಲಿಹೋಗಿತ್ತು. ಐದನೇ ದಿನ ಅವಳು ಅರ್ಜಿಯ ಖಾಲಿ ಗೆರೆಯ ಮೇಲೆ ತಪ್ಪು ಹೆಸರು ಬರೆದಿದ್ದಳು. ಇಲ್ಲದ ಹುಡುಗಿಯ ಬೇಜವಾಬ್ದಾರಿಯ ಬಗ್ಗೆ ಲಕ್ಷ್ಮೀದೇವಮ್ಮನ ಹತ್ತಿರ ನಾನು ಎಷ್ಟು ಮನಸಾರೆ ದೂರಿದೆನೆಂದರೆ, ಮನೆಗೆ ಬಂದ ಮೇಲೂ ಅವಳ ಮೇಲೆ ಸಿಟ್ಟು ಇಳಿದಿರಲಿಲ್ಲ. ಸಾಲಿನಲ್ಲಿ ಇಂಥ ನೆಂಟರಿಗಾಗಿ ಬಂದವರು ಇನ್ನೂ ಹಲವರಿದ್ದರು. ಎಷ್ಟು ಒಳ್ಳೆಯ ಜನ, ಅಣ್ಣತಮ್ಮಂದಿರ ಮಕ್ಕಳಿಗೋಸ್ಕರ ಈ ಬಿಸಿಲಲ್ಲಿ ನಿಂತಿದ್ದಾರಲ್ಲ ಎಂದು ನನಗೆ ಅನ್ನಿಸಿತು. ಹಾಗೆಂದು ಡೈರಿಯಲ್ಲಿ ಬರೆದಿದ್ದೇನೆ ಕೂಡ.

ನಮ್ಮ ಅತ್ತೆ ಬಾಗಲಗುಂಟೆ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಆರನೇ ಅರ್ಜಿಯನ್ನು ನಾನು ಬೀರುವಿನಲ್ಲಿ ಇಡುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದರು.

"ಏನವ್ವಾ, ದಿನಾ ಓಗಿ ಒಂದೊಂದ್ ತತ್ತೀಯ? ನಂಗಿರೋದು ಒಬ್ಳೇ ಮೊಮ್ಮಗಳು ಅಂದ್ಕೊಂಡಿದ್ದೆ."

"ನಂಬರ್ ನೋಡೋಕೆ ಅತ್ತೆ. ಎಷ್ಟು ಜನ ತಗೊಂಡಿದಾರೆ ಅಂತ ಗೊತ್ತಾಗುತ್ತೆ."

"ನೀನೇ ದಿನಾ ತಗೊಂಬಂದ್ರೆ ನಂಬ್ರು ಏರ್ದೆ ಇನ್ನೇನ್ ಮಾಡ್ತದೆ? ಇಂಗೆ ಎಲ್ರೂ ಮಾಡುದ್ರೆ?"

"ಎಲ್ರೂ ಹಿಂಗೆ ಮಾಡ್ತಾರಾ ಅವ್ವ? ಅದಕ್ಕೆ ತಲೆ ಬೇಕು" ಎಂದು ಒಳಗಿನಿಂದ ನನ್ನವರು ಕೂಗಿ ಹೇಳಿದರು. ಅತ್ತೆ ಸೊಪ್ಪು ಬಿಡಿಸಲು ಹೋದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಪಾಪ, ಅವರಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು ಎನ್ನುವಂತೆ ನಕ್ಕೆವು. ಮರುದಿನ ನನ್ನವರಿಗೆ ವಾರದ ರಜೆ. ನನ್ನ ರೀಡಿಂಗಿನ ಮೇಲೆ ನಂಬಿಕೆಯಿಲ್ಲದೆ ಸ್ಕೂಟರಿನಲ್ಲಿ ತಾವೇ ಹೋಗಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅರ್ಜಿ ತಂದರು. ಎರಡರ ನಡುವೆ ಅರವತ್ತು ನಂಬರಿನ ಅಂತರ. "ಜಾರ್ತಾ ಇದೆ ಕಣೇ" ಎಂದರು. ಯಂತ್ರ ಕೈಮೀರುತ್ತಿರುವಾಗ ಅವರು ಹೇಳುವ ಮಾತು ಅದು.

ಕೊನೆಯ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಡುಗೆಯಲ್ಲಿ ಉಪ್ಪು ಹೆಚ್ಚು ಕಡಿಮೆಯಾಗುತ್ತಿತ್ತು. ಟ್ಯೂಷನ್ನಿನಲ್ಲಿ ಒಂದು ಮಗು ಹದಿನೆಂಟುನೂರ ಐವತ್ತೇಳರ ದಂಗೆಗೆ ಕಾರಣವೇನು ಎಂದು ಕೇಳಿದರೆ ಸೀಟಿನ ಕೊರತೆ ಎಂದು ಹೇಳಲು ಬಾಯಿಗೆ ಬಂದಿತ್ತು. ಗಡುವಿನ ದಿನದ ಬೆಳಿಗ್ಗೆ ನಂಬರು ಒಂದು ಸಾವಿರದ ಮೂವತ್ತಾರು. ಇನ್ನೂರ ನಲವತ್ತು ಸೀಟಿಗೆ! ಚೈತ್ರಾಳನ್ನು ಕೂರಿಸಿ ಗೆರೆ ತೋರಿಸಿದೆವು. ಅವಳು ಬಹಳ ಹೊತ್ತು ಕ್ಯಾಲೆಂಡರಿನ ಹಿಂಬದಿ ನೋಡಿದಳು.

"ಇಷ್ಟು ಜನ ಇಲ್ಲಿಗೇ ಬಂದ್ರೆ ಮಲ್ಲೇಶ್ವರಕ್ಕೆ ಇನ್ನೆಷ್ಟು ಜನ ಬರ್ತಾರೋ ಯೋಚ್ನೆ ಮಾಡು ಪುಟ್ಟಿ" ಎಂದೆ.

"ನಿಮಗೆ ನನ್ ಮೇಲೆ ನಂಬಿಕೆ ಇಲ್ವಾ?"

"ನಿನ್ ಮೇಲಿದೆ. ನಂಬರ್ ಮೇಲೆ ಇಲ್ಲ" ಎಂದರು ಅವರಪ್ಪ. ನಿಜ ಹೇಳಬೇಕೆಂದರೆ ನಮ್ಮಿಬ್ಬರಿಗೂ ಅದು ತಿರುವುಮುರುವಾಗಿತ್ತು. ಮಧ್ಯಾಹ್ನ ಹನ್ನೆರಡರ ಒಳಗೆ ಮುಚ್ಚಳಿಕೆಗೆ ಮೂವರೂ ಸಹಿ ಹಾಕಿ ಬಂದೆವು. ಚೈತ್ರಾಳ ಸಹಿ ಮುದ್ದಾಗಿತ್ತು. ಅವಳು ಜೀವನದಲ್ಲಿ ಹಾಕಿದ ಮೊದಲ ಸಹಿಯೋ ಏನೋ.

ಫಲಿತಾಂಶ ಬಂತು. ಅವಳು ನಿಜಕ್ಕೂ ಚೆನ್ನಾಗಿಯೇ ಬರೆದಿದ್ದಳು. ಮಲ್ಲೇಶ್ವರದ ಕಾಲೇಜಿನ ಪಟ್ಟಿಯಲ್ಲಿ ಕೊನೆಯ ಹೆಸರಿನವರ ಅಂಕಕ್ಕಿಂತ ಅವಳ ಅಂಕ ಏಳು ಹೆಚ್ಚು. ಆ ದಿನದ ನನ್ನ ನೆನಪು ಹೀಗಿದೆ: ಪಟ್ಟಿಯ ಸುದ್ದಿ ಕೇಳಿ ಚೈತ್ರಾ ನಕ್ಕು, "ಪರವಾಗಿಲ್ಲ ಬಿಡಮ್ಮ" ಎಂದಳು, ನಾವೆಲ್ಲ ಹೋಳಿಗೆ ತಿಂದೆವು. ಇದನ್ನೂ ನಾನು ಬಹಳ ಜನರಿಗೆ ಹೇಳಿದ್ದೇನೆ. ಮೊನ್ನೆ ಆ ವರ್ಷದ ಡೈರಿ ಸಿಕ್ಕಿತು. ಅದರಲ್ಲಿ ಹೋಳಿಗೆ ಇಲ್ಲ. "ಚೈತ್ರಾ ಮಧ್ಯಾಹ್ನ ಊಟ ಮಾಡಲಿಲ್ಲ. ಬಿಸಿಲಿಗೆ ಇರಬೇಕು" ಎಂದಿದೆ. ಡೈರಿಯಲ್ಲೂ ನಾನು ಬಿಸಿಲಿನ ಮೇಲೆ ಹಾಕಿ ತಪ್ಪಿಸಿಕೊಂಡಿದ್ದೇನೆ. ಮೇಷ್ಟ್ರು ಇದ್ದಿದ್ದರೆ ಈ ಆಕರವನ್ನೂ ಎರಡು ಸಲ ಪರೀಕ್ಷೆ ಮಾಡಿ ಎನ್ನುತ್ತಿದ್ದರು.

ಕಾಲೇಜು ಶುರುವಾದ ಮೇಲೆ ಪೋಷಕರ ಸಭೆ ಕರೆದರು. ನಾನು ಸಾವಿರ ಜನರಲ್ಲಿ ಗೆದ್ದು ಬಂದವಳ ತಾಯಿಯಾಗಿ ಒಳ್ಳೆಯ ಸೀರೆ ಉಟ್ಟು ಹೋದೆ. ಸಭಾಂಗಣದಲ್ಲಿ ಹಿಂದಿನ ಅರ್ಧ ಕುರ್ಚಿಗಳು ಖಾಲಿ ಇದ್ದವು. ಬಸ್ಸು ಸಿಗಲಿಲ್ಲವೇನೋ ಎಂದುಕೊಂಡೆ. ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು, ಇನ್ನೂ ಮೂವತ್ತೆಂಟು ಸೀಟು ಉಳಿದಿವೆ, ನಿಮ್ಮ ಪರಿಚಯದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಎಂದರು. ಪಕ್ಕಕ್ಕೆ ತಿರುಗಿದರೆ ಲಕ್ಷ್ಮೀದೇವಮ್ಮ.

"ನಿಮ್ ನಾದಿನಿ ಮಗಳು ಯಾವ ಸೆಕ್ಷನ್ನು?" ಎಂದು ಪಿಸುಗುಟ್ಟಿದರು.

"ಅವಳು... ಬೇರೆ ಕಡೆ ಸೇರಿದ್ಲು. ನಿಮ್ಮ ಭಾವನ ಮಕ್ಕಳು?"

"ಅವರೂ... ಬೇರೆ ಕಡೆ."

ಇಬ್ಬರೂ ವೇದಿಕೆಯ ಕಡೆ ತಿರುಗಿ ಕೂತೆವು. ಆಮೇಲೆ ಅವರು ತಗ್ಗಿದ ದನಿಯಲ್ಲಿ, "ನಂಗೆ ಭಾವನೇ ಇಲ್ಲ ಕಣ್ರೀ. ನಮ್ಮನೆಯವರೇ ದೊಡ್ಡವರು. ನಂಬರ್ ನೋಡೋಕ್ ಬರ್ತಿದ್ದೆ" ಎಂದರು. ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಬಾಯಿಗೆ ಕರ್ಚೀಫು ಒತ್ತಿಕೊಂಡರು. ಅವರು ಬೇಸಿಗೆಯಲ್ಲಿ ಊರಿನ ಸೋದರತ್ತೆಯ ಮೊಮ್ಮಗನಿಗೆಂದು ದಿನಾ ಬರುತ್ತಿದ್ದವರು.

ಹೊರಗೆ ಬಂದವಳೇ ಗುಮಾಸ್ತರ ಕಿಟಕಿಗೆ ಹೋದೆ. "ಸಾರ್, ಒಂದ್ ಮಾತು. ತುಂಬಿ ವಾಪಸ್ ಬಂದ ಅರ್ಜಿ ಎಷ್ಟು?"

"ಈಗ ಹೇಳ್ಬೋದು ಬಿಡಿ. ಮುಂಗಡಕ್ಕೆ ನೂರ ಐವತ್ತೂ ಇರ್ಲಿಲ್ಲ."

"ಮತ್ತೆ ಸಾವಿರ ಖರ್ಚಾಗಿತ್ತಲ್ಲ?"

"ನೀವು ತಗೊಂಡ್ ಹೋಗಿದ್ದು ಎಷ್ಟು ಮೇಡಂ?"

"ಎರಡೋ ಮೂರೋ."

ಅವರು ಬಿಳಿ ಮೀಸೆಯ ಅಂಚಿನಲ್ಲಿ ನಕ್ಕರು. ನಾನು ಸುಳ್ಳು ಹೇಳಿದ್ದೆನೆಂದು ನೀವು ತಿಳಿಯಬಾರದು. ಎರಡೋ ಮೂರೋ ಎಂದೇ ನನಗೆ ನೆನಪಿತ್ತು. ಮನೆಗೆ ಬಂದು ಬೀರು ತೆಗೆದು ನೋಡಿದರೆ ಸೀರೆಗಳ ಕೆಳಗೆ ಹನ್ನೊಂದು ಖಾಲಿ ಅರ್ಜಿಗಳಿದ್ದವು. ಅಂದರೆ ಆ ಬೇಸಿಗೆ ಚೈತ್ರಾಳ ಸೀಟಿಗೆ ಪೈಪೋಟಿ ನಡೆಸಿದ ಸಾವಿರ ಮಂದಿಯಲ್ಲಿ ಹನ್ನೊಂದು ಜನ ನಮ್ಮ ಮನೆಯವರೇ. ನನ್ನವರು ಅವನ್ನು ಎರಡು ಸಲ ಎಣಿಸಿದರು. ನಂತರ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಮಡಚಿ ಇಟ್ಟರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏನಾದರೂ ಅನ್ನುತ್ತಾರೆಂದು ಕಾದೆ. "ಕಾಫಿ ಕುಡೀತೀರಾ?" ಎಂದರು ಅಷ್ಟೇ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಚೈತ್ರಾ ಆ ಅರ್ಜಿಗಳ ಹಿಂಬದಿಯಲ್ಲಿ ಲೆಕ್ಕಶಾಸ್ತ್ರದ ಅಭ್ಯಾಸ ಮಾಡಿದಳು. ಯಲಹಂಕದಲ್ಲಿ ಚೆನ್ನಾಗಿಯೇ ಓದಿದಳು, ಗೆಳತಿಯರಾದರು, ಲಕ್ಷ್ಮೀದೇವಮ್ಮನ ಮಗ ಅವಳಿಗೆ ನೋಟ್ಸ್ ಕೊಡುತ್ತಿದ್ದ. ಅಲ್ಲಿಯ ಲೈಬ್ರರಿಗೆ ಕಿಟಕಿಕಟ್ಟೆ ಇತ್ತೇ ಎಂದು ನಾನು ಅವಳನ್ನು ಕೇಳಲಿಲ್ಲ. ಕೇಳಿದೆನೆಂದು ಡೈರಿಯಲ್ಲೂ ಇಲ್ಲ.

ಎರಡು ವರ್ಷದ ನಂತರ ಪದವಿ ಕಾಲೇಜಿನ ಸರದಿ ಬಂತು. ಮತ್ತೆ ಮಲ್ಲೇಶ್ವರದ ಕಡೆಯದೇ. "ಈ ಸಲ ಎಲ್ಲಾ ನಾನೇ ನೋಡ್ಕೋತೀನಿ. ನೀವಿಬ್ರೂ ಯಾವ ಕಿಟಕಿ ಹತ್ರಾನೂ ಹೋಗ್ಬಾರ್ದು" ಎಂದು ಚೈತ್ರಾ ಮೊದಲೇ ಆಣೆ ಮಾಡಿಸಿದಳು. ಹೋಗುವ ಪ್ರಶ್ನೆಯೇ ಇರಲಿಲ್ಲ, ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ. ಅದರಲ್ಲಿ ಕೆಂಪು ಶಾಯಿಯ ನಂಬರೂ ಇರಲಿಲ್ಲ. ನಾನು ನೆಮ್ಮದಿಯಾಗಿದ್ದೆ. ಒಂದು ಬೆಳಿಗ್ಗೆ, ಕುಕ್ಕರಿನ ಎರಡು ಕೂಗಿನ ನಡುವೆ, ಕಾಲೇಜಿನ ಕಟ್ಟಡ ಹೇಗಿದೆ ನೋಡೋಣವೆಂದು ಅದರ ವೆಬ್‌ಸೈಟು ತೆಗೆದೆ. ಪುಟದ ತಳದಲ್ಲಿ ಚಿಕ್ಕದಾಗಿ, ಇದುವರೆಗೆ ಭೇಟಿ ನೀಡಿದವರು ನಾಲ್ಕು ಸಾವಿರದ ನೂರ ಹನ್ನೆರಡು ಎಂದಿತ್ತು. ಮೂರನೇ ಕೂಗಿನ ಹೊತ್ತಿಗೆ ಮತ್ತೆ ತೆಗೆದು ನೋಡಿದೆ. ನೂರ ಹದಿಮೂರು. ಒಗ್ಗರಣೆ ಹಾಕಿ ಬಂದು ನೋಡಿದೆ. ನೂರ ಹದಿನಾಲ್ಕು. ಬೆಳಿಗ್ಗೆ ಎಂಟಕ್ಕೇ ಈ ವೇಗವಾದರೆ! ಎರಡು ವರ್ಷ ತಣ್ಣಗಿದ್ದ ಎದೆ ಮತ್ತೆ ಧಸಕ್ಕೆಂದಿತು. "ಏನ್ರೀ, ಜಾರ್ತಾ ಇದೆ" ಎಂದು ನನ್ನವರನ್ನು ಕೂಗಿದೆ. ಅವರು ಪೆನ್ನು ಹುಡುಕುತ್ತ ಬಂದರು.

ಚೈತ್ರಾ ತಲೆ ಬಾಚಿಕೊಳ್ಳುತ್ತ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಮ್ಮಾ, ಬರ್ತಾ ಇರೋ ಆ ಜನ ಎಲ್ಲ ನೀನೇ" ಎಂದಳು.

ನನಗೆ ಬಹಳ ನಾಚಿಕೆಯಾಯಿತು. ತಕ್ಷಣ ಪುಟ ಮುಚ್ಚಿದೆ. ನಾನು ಮುಚ್ಚಿದ್ದರಿಂದ ಅದು ಒಂದಾದರೂ ಕಡಿಮೆಯಾಗಿರಬಹುದೇ ಎಂದು, ಅವಳು ಬಸ್ಸಿಗೆ ಹೋದ ಮೇಲೆ, ಇನ್ನೊಂದೇ ಒಂದು ಸಲ ತೆಗೆದು ನೋಡಿದೆ.